ಏಳನೇ ನಂಬರಿನ ಯಥಾಪ್ರಕಾರ

ಬಾಟಲಿ ಸಾಹೇಬರಿಗೆ ಆ ಹೆಸರು ಅಂಟಿದ್ದು ಮದುವೆಗಿಂತ ಮೊದಲು. ಹೆಣ್ಣಿನ ಕಡೆಯವರು ಗಂಡು ಹೇಗೆ ಏನು ಎಂದು ವಿಚಾರಿಸಲು ಬಂದಾಗ ಪಕ್ಕದ ಮನೆಯಾಕೆ, "ಒಳ್ಳೆ ಹುಡುಗ. ಬೆಳಿಗ್ಗೆ ಎದ್ದು ಖಾಲಿ ಬಾಟಲಿ ತಗೊಂಡು ಹೊಳೆ ಕಡೆ ಹೋಗ್ತಾನೆ, ಮಧ್ಯಾಹ್ನ ತುಂಬಿದ ಬಾಟಲಿ ತಗೊಂಡು ವಾಪಸ್ ಬರ್ತಾನೆ. ಯಾರ ತಂಟೆಗೂ ಹೋಗಲ್ಲ" ಎಂದು ಹೊಗಳಿದ್ದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಸಂಬಂಧ ಮುರಿದು ಬೀಳುವುದರಲ್ಲಿತ್ತು. ಕೊನೆಗೆ ಹುಡುಗಿಯೇ ಹೊಳೆದಂಡೆಗೆ ಬಂದಳು. ಮೊಣಕಾಲುದ್ದ ನೀರಿನಲ್ಲಿ ನಿಂತು ಬಾಟಲಿಯನ್ನು ಮೂರು ಸಲ ತೊಳೆದು ನಾಲ್ಕನೇ ಸಲ ತುಂಬಿಸುತ್ತಿದ್ದ ಮನುಷ್ಯನನ್ನು ಕಣ್ಣಾರೆ ನೋಡಿ, "ಇಷ್ಟೊಂದು ತೊಳೆದು ಕುಡಿಯೋರು ಲೋಕದಲ್ಲಿ ಯಾರೂ ಇಲ್ಲ" ಎಂದು ಮನೆಯವರನ್ನು ಒಪ್ಪಿಸಿದಳು.

ಅವರು ಜಲಪರೀಕ್ಷಾ ಕಚೇರಿಯ ಕ್ಷೇತ್ರ ಸಹಾಯಕರು. ಹೊಳೆಯ ಉದ್ದಕ್ಕೂ ಏಳು ಜಾಗ ಗುರುತು ಮಾಡಿದ್ದರು. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಏಳೂ ಕಡೆ ನೀರು ತುಂಬಿಸಿ, ಚೀಟಿ ಅಂಟಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ತಲುಪಿಸಬೇಕು. ಹೊಲಗಳಿಗೆ ಸುರಿದ ಗೊಬ್ಬರ, ದನದ ಕೊಟ್ಟಿಗೆಗಳ ಕೊಳಕು ಎಲ್ಲ ಹೊಳೆಗೆ ಇಳಿದು ಬೆಳೆಗಿಂತ ಸೊಗಸಾಗಿ ಪಾಚಿಯನ್ನು ಬೆಳೆಸುತ್ತಿತ್ತು. ಆ ಗೊಬ್ಬರದ ಅಂಶ, ಅಂದರೆ ನೈಟ್ರೇಟ್, ನೀರಿನಲ್ಲಿ ಎಷ್ಟಿದೆ ಎಂದು ಅಳೆಯುವುದೇ ಕಚೇರಿಯ ಕೆಲಸ. ಲೀಟರಿಗೆ ಐವತ್ತು ಮಿಲಿಗ್ರಾಂ ದಾಟಿದರೆ ಆ ನೀರನ್ನು ಹಸುಗೂಸುಗಳಿಗೆ ಕೊಡಬಾರದು, ಕೂಸಿನ ಮೈ ನೀಲಿಗಟ್ಟುತ್ತದೆ, ಕುದಿಸಿದರೂ ಹೋಗುವುದಿಲ್ಲ ಎಂದು ಪ್ರಯೋಗಾಲಯದ ಗೆಳೆಯ ಅವರಿಗೆ ಮೊದಲ ವಾರವೇ ಹೇಳಿಕೊಟ್ಟಿದ್ದ. ಆಗ ಅವರಿಗೆ ಕೂಸು ಇರಲಿಲ್ಲವಾದ್ದರಿಂದ ಅದು ಬರೀ ಪಾಠವಾಗಿತ್ತು.

ಏಳು ಜಾಗಗಳಲ್ಲಿ ಆರು ಸೇತುವೆ, ರಸ್ತೆ, ಮೆಟ್ಟಿಲು ಇರುವ ಸಭ್ಯ ಜಾಗಗಳು. ಏಳನೆಯದು ಮಾತ್ರ ತಂಟೆಯದು. ಊರಿಗೆ ಕುಡಿಯುವ ನೀರು ಎಳೆದುಕೊಳ್ಳುವ ಗೇಟಿಗಿಂತ ಸ್ವಲ್ಪ ಮೇಲೆ, ಹೊಲಗಳ ಚರಂಡಿಯೆಲ್ಲ ಬಂದು ಸೇರಿದ ಮೇಲೆ, ಒಂದು ಓರೆ ಬಂಡೆ ಇಳಿದು ಅಲ್ಲಿಗೆ ಹೋಗಬೇಕು. ಹತ್ತೊಂಬತ್ತು ವರ್ಷದ ಹಿಂದೆ ಒಂದು ಮಳೆಯ ದಿನ ಸಾಹೇಬರು ಆ ಬಂಡೆಯ ಮೇಲೆ ಜಾರಿ ಕಾಲು ಮುರಿದುಕೊಂಡು ಮೂರು ತಿಂಗಳು ಮಂಚ ಹಿಡಿದರು. ಮಂಚದಿಂದ ಎದ್ದ ದಿನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಬಿಸಿಲಲ್ಲಿ ಎಲ್ಲಿಗೆ ಬೇಕಾದ್ರೂ ಹೋಗಿ. ಮಳೆ ಬಂದಾಗ ಆ ಬಂಡೆ ಹತ್ರ ಸುಳಿಯಲ್ಲ ಅಂತ ಮಾತು ಕೊಡಿ."

ಕೊಟ್ಟರು. ಬಾಟಲಿ ಸಾಹೇಬರು ಕೊಟ್ಟ ಮಾತಿಗೆ ತಪ್ಪುವವರಲ್ಲ; ಈ ಕಥೆಯ ತೊಂದರೆಯೆಲ್ಲ ಹುಟ್ಟಿದ್ದು ಆ ಒಳ್ಳೆಯ ಗುಣದಿಂದಲೇ.

ಮುಂದಿನ ಮಳೆಯ ದಿನ ಪ್ರಯೋಗಾಲಯದ ಮೇಜಿನ ಮೇಲೆ ಆರು ಬಾಟಲಿ ಮಾತ್ರ ಇದ್ದವು. ದಪ್ಪ ರಟ್ಟಿನ ಪುಸ್ತಕದಲ್ಲಿ ಏಳನೇ ನಂಬರಿನ ಎದುರಿಗೆ, ಷರಾ ಬರೆಯುವ ಅಂಕಣದಲ್ಲಿ, ಮುದ್ದಾದ ಅಕ್ಷರದಲ್ಲಿ ಒಂದೇ ಪದವಿತ್ತು: ಯಥಾಪ್ರಕಾರ.

"ಏನಪ್ಪಾ, ಒಂದು ಬಾಟಲಿ ಕಮ್ಮಿ ಇದೆ?" ಎಂದ ಗೆಳೆಯ.

"ಏಳನೇದು ಯಥಾಪ್ರಕಾರ."

ಗೆಳೆಯ ಅವರ ಕಾಲನ್ನು ನೋಡಿದ, ಕಿಟಕಿಯಾಚೆ ಮಳೆ ನೋಡಿದ, ಹಿಂದಿನ ಸಲದ ಅಂಕಿಯನ್ನೇ ಇಳಿಸಿಕೊಂಡ. ಯಥಾಪ್ರಕಾರ ಎಂಬ ಮಾತಿನ ಸೊಗಸೇ ಅದು. ಹೋಗಿದ್ದೆ ಎಂದೂ ಹೇಳುವುದಿಲ್ಲ, ಹೋಗಲಿಲ್ಲ ಎಂದೂ ಹೇಳುವುದಿಲ್ಲ. ಸುಳ್ಳು ಎಂದು ಹಿಡಿಯಲು ಹೋದರೆ ಕೈಗೆ ಏನೂ ಸಿಗುವುದಿಲ್ಲ, ಕಾಗದದ ಮೇಲೆ ನೋಡಿದರೆ ಜವಾಬ್ದಾರಿಯೇ ಮೂರ್ತಿವೆತ್ತಂತೆ ಕಾಣುತ್ತದೆ. ಅಂದಿನಿಂದ ಮಳೆ ಬಂದ ದಿನವೆಲ್ಲ ಏಳನೇ ನಂಬರು ಯಥಾಪ್ರಕಾರವೇ ಇತ್ತು. ಸಾಹೇಬರ ಮನಸ್ಸಿಗೆ ಅದು ಚುಚ್ಚಲೂ ಇಲ್ಲ. ಯಾಕೆಂದರೆ ಕೆಳಗಿದ್ದ ಗೇಟಿನವನು, ಅವರಿಗಿಂತ ನಾಲ್ಕು ವರ್ಷ ಚಿಕ್ಕವನು, ಯಾರ ಅಂಕಿಗೂ ಕಾಯುತ್ತಿರಲಿಲ್ಲ. ಮಳೆ ಬಿದ್ದು ನೀರು ಕದಡಿತೋ, ಚಕ್ರ ತಿರುಗಿಸಿ ಗೇಟು ಹಾಕಿಬಿಡುತ್ತಿದ್ದ. ತಿಳಿಯಾದ ಮೇಲೆ ತೆಗೆಯುತ್ತಿದ್ದ. ಹೀಗೆ ಪುಸ್ತಕದ ಸುಳ್ಳು ಪುಸ್ತಕದಲ್ಲೇ ಇತ್ತು, ಯಾರ ಗಂಟಲಿಗೂ ಇಳಿಯುತ್ತಿರಲಿಲ್ಲ. ಪುಸ್ತಕಗಳನ್ನು ಓದುವವರೂ ಇರಲಿಲ್ಲ. ವರ್ಷ ತುಂಬಿದೊಡನೆ ದಾರ ಕಟ್ಟಿ ಬೀರುವಿನ ಮೇಲೆ ಎಸೆಯುತ್ತಿದ್ದರು. ಗೆಳೆಯ ನಿವೃತ್ತನಾಗಿ ಮಗಳ ಊರಿಗೆ ಹೋದ. ಅವನ ಜಾಗಕ್ಕೆ ಬಂದವಳು ಅದೇ ರೂಢಿ ಮುಂದುವರಿಸಿದಳು, ಬೀರುವಿನ ಮೇಲೆ ಏನಿದೆ ಎಂದು ಕೇಳಲೇ ಇಲ್ಲ.

ಕೇಳಿದ್ದು ಯಂತ್ರದ ಮೇಡಂ. ಸಾಹೇಬರ ನಿವೃತ್ತಿಗೆ ಒಂದು ವರ್ಷವಿದೆ ಎನ್ನುವಾಗ ಕಚೇರಿಗೆ ಬಂದ ಚುರುಕು ಹೆಂಗಸು, ಮೂವತ್ತರ ಆಸುಪಾಸು. ಕಂಪ್ಯೂಟರಿಗೆ ಹಳೆಯ ಅಂಕಿಗಳನ್ನೆಲ್ಲ ಓದಿಸಿದರೆ ಅದು ಹೊಳೆಯ ಸ್ವಭಾವವನ್ನು ತಾನೇ ಕಲಿತುಕೊಳ್ಳುತ್ತದೆ. ಆಮೇಲೆ ಬಾಟಲಿಯೇ ಬೇಡ, ಮಳೆ ಎಷ್ಟು, ಹರಿವು ಎಷ್ಟು, ಬಿಸಿ ಎಷ್ಟು ಎಂದು ಹೇಳಿದರೆ ಸಾಕು, ಯಾವ ಜಾಗದಲ್ಲಿ ನೈಟ್ರೇಟ್ ಎಷ್ಟಿದೆ ಎಂದು ಕೂತಲ್ಲೇ ಹೇಳುತ್ತದೆ ಎಂದು ಅವರು ವಿವರಿಸಿದರು. ಬೀರುವಿನ ಮೇಲಿಂದ ಪುಸ್ತಕಗಳು ಇಳಿದವು. ಧೂಳಿಗೆ ಇಡೀ ಕಚೇರಿ ಎರಡು ದಿನ ಸೀನಿತು. ಹತ್ತೊಂಬತ್ತು ವರ್ಷ ಒಬ್ಬ ಮನುಷ್ಯನೂ ತೆರೆದು ನೋಡದ ಪುಟಗಳನ್ನು ಆ ಯಂತ್ರ ಒಂದೇ ಮಧ್ಯಾಹ್ನದಲ್ಲಿ ಓದಿ ಮುಗಿಸಿತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಓದಿದ್ದನ್ನೆಲ್ಲ ನಂಬಿಯೂಬಿಟ್ಟಿತು.

ಒಂದು ದಿನ ಮೇಡಂ ಸಾಹೇಬರನ್ನು ಕರೆದು ಪರದೆಯ ಮುಂದೆ ಕೂರಿಸಿದರು.

"ಸಾಹೇಬ್ರೇ, ನಿಮ್ಮ ಹೊಳೆ ಅದ್ಭುತ! ನೋಡಿ, ಮಳೆ ಬಂದಾಗ ಆರೂ ಗೆರೆ ಹೇಗೆ ನೆಗೀತವೆ. ಏಳನೇದು ನೋಡಿ."

ಏಳನೆಯ ಗೆರೆ ಅಡ್ಡ ಮಲಗಿತ್ತು.

"ಆರಕ್ಕೂ ಏಳಕ್ಕೂ ಮಧ್ಯೆ ಏನಿದೆ ಅಲ್ಲಿ?"

ಸಾಹೇಬರು ಇದ್ದದ್ದನ್ನು ಹೇಳಿದರು: "ಜೊಂಡು ಬೆಳೆದಿದೆ ಮೇಡಂ."

"ಅದೇ ಮತ್ತೆ! ಆ ಜೊಂಡು ಗೊಬ್ಬರನೆಲ್ಲ ಹೀರ್ಕೋತಾ ಇದೆ!"

"ಅಲ್ಲ ಮೇಡಂ, ಅದು ಏನಂದ್ರೆ…"

"ನಿಮ್ಮ ವಿನಯ ನನಗೆ ಗೊತ್ತು ಬಿಡಿ. ಹತ್ತೊಂಬತ್ತು ವರ್ಷ ಒಂದು ದಿನ ಕೂಡ ಖಾಲಿ ಬಿಟ್ಟಿಲ್ಲ ನೀವು. ನಾನೂ ಬೇರೆ ಬೇರೆ ಕಡೆಯ ಅಂಕಿ ನೋಡಿದ್ದೀನಿ, ಮಳೆ ಬಂದ ದಿನ ಎಲ್ಲರೂ ಖಾಲಿ ಬಿಡ್ತಾರೆ."

ಖಾಲಿ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಸಾಹೇಬರಿಗೆ ಆ ಕ್ಷಣ ಹೊಳೆಯಿತು. ಆದರೆ ಹೊಗಳಿಕೆ ಬಿಸಿ ಚಹಾದ ಹಾಗೆ. ಎದುರಿಗಿಟ್ಟ ಮೇಲೆ ಬೇಡ ಎನ್ನಲು ಗಟ್ಟಿ ಮನಸ್ಸು ಬೇಕು. ಸಾಹೇಬರು ಕುಡಿದುಬಿಟ್ಟರು.

ಹೀಗೆ, ಕೆಲಸವಿಲ್ಲದೆ ಗಾಳಿಗೆ ತಲೆಯಾಡಿಸುತ್ತ ನಿಂತಿದ್ದ ಜೊಂಡಿಗೆ ಕೀರ್ತಿ ಬಂತು. ಬೇರೆ ಊರುಗಳಿಂದ ಅಧಿಕಾರಿಗಳು ಬಂದು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಕಚೇರಿಯ ನಿರ್ದೇಶಕರು ಅಲ್ಲಿ 'ನಿಸರ್ಗದ ಜರಡಿ' ಎಂದು ಬೋರ್ಡು ಹಾಕಿಸಿದರು. ಯಂತ್ರದ ಲೆಕ್ಕ ನೂರಕ್ಕೆ ತೊಂಬತ್ತನಾಲ್ಕು ಸರಿ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಆಗದೆ ಏನು? ಪರೀಕ್ಷೆಗಿಟ್ಟದ್ದೂ ಅದೇ ಪುಸ್ತಕದ ಪುಟಗಳನ್ನೇ; ಪಾಠ ಹೇಳಿದವರೇ ಉತ್ತರಪತ್ರಿಕೆಯನ್ನೂ ತಿದ್ದಿದಂತಾಯಿತು. ಈ ಗೆಲುವಿನ ಹುರುಪಿನಲ್ಲಿ ಗೇಟಿನವನಿಗೆ ಒಂದು ಆದೇಶ ಹೋಯಿತು: ಇನ್ನು ಮುಂದೆ ಕಣ್ಣಳತೆಯ ಮೇಲೆ ಗೇಟು ಹಾಕಕೂಡದು, ಯಂತ್ರ ಹೇಳಿದಾಗ ಮಾತ್ರ ಹಾಕತಕ್ಕದ್ದು. ಗೇಟಿನವನು ಕಾಗದಕ್ಕೆ ಅಂಜುವ ಮನುಷ್ಯ. ಕಾಗದದಲ್ಲಿದ್ದರೆ ಹೊಳೆಯನ್ನೇ ಹಿಂದಕ್ಕೆ ಹರಿಸಲೂ ನೋಡುತ್ತಿದ್ದ. ಮಳೆ ಬಂತು, ನೀರು ಕದಡಿತು, ಯಂತ್ರ ಏನೂ ಹೇಳಲಿಲ್ಲ. ಗೇಟು ತೆರೆದೇ ಇತ್ತು.

ಅದೇ ಹೊತ್ತಿಗೆ ಸಾಹೇಬರ ಮಗಳು ಎರಡು ತಿಂಗಳ ಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಎದೆಹಾಲು ಸಾಲದೆ ಪುಡಿ ಹಾಲು ಕಲಸಿ ಕೊಡುತ್ತಿದ್ದರು. ಮೊದಲ ದಿನ ಹೆಂಡತಿ ನಲ್ಲಿಯ ನೀರು ಕುದಿಸಲಿಟ್ಟಾಗ ಹಳೆಯ ಪಾಠ ಸಾಹೇಬರ ತಲೆಯಲ್ಲಿ ಎದ್ದು ಕೂತಿತು. ಮರುದಿನದಿಂದ ಅವರು ಒಂದನೇ ನಂಬರಿನ ಜಾಗದಿಂದ, ಬೆಟ್ಟದ ಬುಡದ ಒರತೆಯಿಂದ, ಕ್ಯಾನು ತುಂಬ ನೀರು ಹೊತ್ತು ತರತೊಡಗಿದರು. ಕೂಸಿಗೆ ಈ ನೀರೇ ಎಂದರು. ಯಾಕೆ ಎಂದು ಮಗಳು ಕೇಳಿದರೆ, ಒಳ್ಳೆಯದು ಎಂದರು. ಹೆಂಡತಿ ಮೂರು ದಿನ ನೋಡಿದಳು. ನಾಲ್ಕನೇ ದಿನ ಅಡುಗೆಮನೆಯಲ್ಲಿ ಅವರನ್ನು ತಡೆದು ನಿಲ್ಲಿಸಿದಳು.

"ರೀ, ನಲ್ಲಿ ನೀರಿಗೆ ಏನಾಗಿದೆ?"

"ಏನಿಲ್ಲ. ಯಥಾಪ್ರಕಾರ ಇದೆ."

"ನನ್ನ ಹತ್ರ ಆಫೀಸಿನ ಮಾತು ಆಡಬೇಡಿ."

ಮೂವತ್ತು ವರ್ಷದ ಸಂಸಾರದಲ್ಲಿ ಆಕೆಯ ಮುಂದೆ ಆ ಪದ ಒಂದು ದಿನವೂ ನಡೆದಿರಲಿಲ್ಲ. ಸಾಹೇಬರು ಸ್ಟೂಲಿನ ಮೇಲೆ ಕೂತು ಬಂಡೆ, ಬಾಟಲಿ, ಪುಸ್ತಕ, ಯಂತ್ರ, ಜೊಂಡು ಎಲ್ಲವನ್ನೂ ಹೇಳಿದರು. ನಿವೃತ್ತಿಗೆ ಮೂರು ವಾರವಿದೆ, ಸನ್ಮಾನ ಮಾಡುತ್ತಾರಂತೆ, ಈಗ ಬಾಯಿಬಿಟ್ಟರೆ ಇದ್ದ ಮರ್ಯಾದೆಯೂ ಮಣ್ಣುಪಾಲು ಎಂದೂ ಹೇಳಿದರು. ಹೇಳುವಾಗ ಅವರಿಗೇ ನಾಚಿಕೆಯಾಯಿತು. ಆದರೂ ಹೇಳಿದರು.

 "ನಮ್ಮ ಕೂಸಿಗೆ ಬೇಡದ ನೀರು ಊರಿನ ಕೂಸುಗಳಿಗೆ ಆಗುತ್ತಾ?" ಎಂದಳು ಆಕೆ.

"ಮಾತು ತಗೊಂಡಿದ್ದು ನೀನೇ ತಾನೆ? ಮಳೆಯಲ್ಲಿ ಹೋಗಬೇಡಿ ಅಂತ."

"ಹೋಗಬೇಡಿ ಅಂದೆ. ಹೋದೆ ಅಂತ ಬರೀರಿ ಅಂದ್ನಾ?"

ಸಾಹೇಬರು ಸ್ಟೂಲಿನಿಂದ ಎದ್ದು ಕ್ಯಾನನ್ನು ಆಕೆಯ ಕಡೆಗೆ ಸರಿಸಿದರು.

"ಮಾತು ವಾಪಸ್ ತಗೊಂಡಿದ್ದೀನಿ" ಎಂದಳು ಆಕೆ, ಕ್ಯಾನಿನ ಮುಚ್ಚಳ ತಿರುಗಿಸುತ್ತ. "ಮುಂದಿನ ಮಳೆಗೆ ನಾನೂ ಬರ್ತೀನಿ. ನೀವು ಬಾಟಲಿ ಹಿಡೀರಿ, ನಾನು ನಿಮ್ಮನ್ನ ಹಿಡೀತೀನಿ."

ಮಂಗಳವಾರ ಮಳೆ ಬಂತು. ಐವತ್ತೊಂಬತ್ತು ತುಂಬಿದ ಒಬ್ಬ ಗಂಡಸು, ಅವರ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಬಿಗಿಹಿಡಿದ ಒಬ್ಬ ಹೆಂಗಸು, ಇಬ್ಬರಿಗೂ ಸಾಲದ ಒಂದು ಕೊಡೆ. ಓರೆ ಬಂಡೆಯನ್ನು ಕುಂಡೆಯ ಮೇಲೆ ಜಾರುತ್ತ ಇಳಿದರು. ಆ ಹೊತ್ತಿಗೆ ನೋಡಿದವರು ಇವರನ್ನು ಏನೆಂದುಕೊಂಡರೋ, ಬಾಟಲಿ ಬೇರೆ ಕೈಯಲ್ಲಿತ್ತು. ಹೊಲಗಳ ಚರಂಡಿ ಚಹಾದ ಬಣ್ಣದ ನೀರನ್ನು ದಬದಬ ಸುರಿಯುತ್ತಿತ್ತು. ಕೀರ್ತಿವಂತ ಜೊಂಡು ಅದರಡಿ ಅಡ್ಡಡ್ಡ ಮಲಗಿತ್ತು. ಸಾಹೇಬರು ಬಾಟಲಿಯನ್ನು ಮೂರು ಸಲ ತೊಳೆದು ನಾಲ್ಕನೇ ಸಲ ತುಂಬಿಸಿದರು.

ಪ್ರಯೋಗಾಲಯದ ಅಂಕಿ ಸಂಜೆಗೆ ಬಂತು: ಎಪ್ಪತ್ತೊಂದು.

ಮರುದಿನ ಮೇಡಂ ಅದನ್ನು ಕಂಪ್ಯೂಟರಿಗೆ ಕೊಟ್ಟರು. ಯಂತ್ರ ಅರೆಗಳಿಗೆ ಯೋಚಿಸಿ ಕೆಂಪು ಅಕ್ಷರದಲ್ಲಿ ತೀರ್ಪು ಕೊಟ್ಟಿತು: 'ಅಸಂಭವ. ಹಿಂದಿನ ದಾಖಲೆಗೆ ಹೊಂದುವುದಿಲ್ಲ. ಮಾದರಿ ತೆಗೆದವರ ಅನುಭವ ಪರಿಶೀಲಿಸಿ.'

"ಯಾರು ತಂದಿದ್ದು ಇದನ್ನ? ಹೊಸಬರಾ?" ಎಂದರು ಮೇಡಂ.

"ನಾನೇ ಮೇಡಂ."

"ನೀವಾ? ಹಾಗಾದ್ರೆ ಬಾಟಲಿಯಲ್ಲೇ ಏನೋ ದೋಷ ಇರಬೇಕು."

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಸಾಹೇಬರು ಮಳೆಯ ನಿಜವನ್ನು ತಂದಿದ್ದರು. ಅವರ ಸುಳ್ಳೇ ಎದುರು ಸಾಕ್ಷಿಯಾಗಿ ನಿಂತು ಅದನ್ನು ಹೊರಗೆ ಹಾಕಿತ್ತು. ಅವರಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡು, "ದೋಷ ಬಾಟಲಿಯದಲ್ಲ ಮೇಡಂ. ಪುಸ್ತಕದಲ್ಲಿ ಯಥಾಪ್ರಕಾರ ಅಂತ ಇದೆಯಲ್ಲ, ಅದರ ಅರ್ಥ ನಾನು ಹೋಗಲಿಲ್ಲ ಅಂತ" ಎಂದರು.

ಮೇಡಂ ಮಳೆಯ ದಿನಗಳನ್ನು ಮಾತ್ರ ಬೇರೆ ತೆಗೆದು ನೋಡಿದರು. ನಾನೂರ ಹನ್ನೆರಡು ದಿನ. ನಾನೂರ ಹನ್ನೆರಡು ಸಲವೂ ಹಿಂದಿನ ಸಲದ ಅಂಕಿಯೇ, ಚುಕ್ಕೆಯೂ ಬದಲಾಗದೆ. ಮೊದಲು ಅವರ ಮುಖ ಕೆಂಪಾಯಿತು. ಬೈಯುತ್ತಾರೆ ಎಂದು ಸಾಹೇಬರು ತಲೆ ತಗ್ಗಿಸಿದರು. ಆದರೆ ಮೇಡಂ ಬೈದದ್ದು ತಮ್ಮನ್ನೇ. "ಚುಕ್ಕೆ ಸಮೇತ ಒಂದೇ ಅಂಕಿ. ಒಂದು ಸಲ ಕಣ್ಣಾಡಿಸಿದ್ರೆ ಗೊತ್ತಾಗ್ತಿತ್ತು. ನಾನೂ ನೋಡಲಿಲ್ಲ ಸಾಹೇಬ್ರೇ. ನಾನೂ ಆ ಜೊಂಡಿನ ಪಕ್ಕ ನಿಂತು ಫೋಟೋ ತೆಗೆಸ್ಕೊಂಡೆ."

ಆ ದಿನಗಳನ್ನು ತೆಗೆದುಹಾಕಿದ ಮೇಲೆ ಮಳೆಯಲ್ಲಿ ಏಳನೇ ನಂಬರಿನಲ್ಲಿ ಏನಾಗುತ್ತದೆ ಎಂದು ಕೇಳಿದರೆ ಯಂತ್ರ, ಗೊತ್ತಿಲ್ಲ ಎಂದಿತು. ಅದು ಆಡಿದ ಮೊದಲ ಪ್ರಾಮಾಣಿಕ ಮಾತು ಅದು. ಮೇಡಂ ಕೂತು ಟಿಪ್ಪಣಿ ಬರೆದರು: ಅಂಕಿಗಳಲ್ಲಿ ದೋಷವಿದೆ, ಯಂತ್ರಕ್ಕೆ ಹೊಸದಾಗಿ ಕಲಿಸಬೇಕು, ಅಲ್ಲಿಯವರೆಗೆ ಮಳೆಯ ದಿನ ಗೇಟಿನ ವಿಷಯದಲ್ಲಿ ಏನು ಮಾಡಬೇಕೆಂದು ತುರ್ತಾಗಿ ತಿಳಿಸಬೇಕು. ಕೆಳಗೆ ಸಾಹೇಬರು ತಮ್ಮ ತಪ್ಪೊಪ್ಪಿಗೆಯನ್ನು ಸ್ವಂತ ಕೈಯಿಂದ ಸೇರಿಸಿ ರುಜು ಹಾಕಿದರು. ಅಕ್ಷರ ಎಂದಿನಂತೆ ಮುದ್ದಾಗಿತ್ತು.

ನಿರ್ದೇಶಕರ ಕಷ್ಟ ನಿರ್ದೇಶಕರಿಗೆ. ಸನ್ಮಾನದ ಆಹ್ವಾನ ಪತ್ರಿಕೆಯಲ್ಲಿ ಯಂತ್ರದ ಲೆಕ್ಕ ನೂರಕ್ಕೆ ತೊಂಬತ್ತನಾಲ್ಕು ಸರಿ ಎಂದು ಅಚ್ಚಾಗಿತ್ತು. ಬೋರ್ಡಿನ ಬಣ್ಣ ಇನ್ನೂ ಒಣಗಿರಲಿಲ್ಲ. ಟಿಪ್ಪಣಿ ಮೂರು ಮೇಜು ಹತ್ತಿ, ಮೂರು ಮೇಜು ಇಳಿದು, ಎರಡು ವಾರದ ಮೇಲೆ ಗುರುವಾರ ಸಂಜೆ ವಾಪಸ್ ಬಂತು. ಮೂಲೆಯಲ್ಲಿ ಹಸಿರು ಶಾಯಿಯ ಸಾಲು: 'ಪರಿಶೀಲಿಸಲಾಗಿದೆ. ಮಳೆಯ ದಿನಗಳಲ್ಲಿ ಗೇಟಿನ ಕೆಲಸ ಯಥಾಪ್ರಕಾರ ನಡೆಯತಕ್ಕದ್ದು.'

ಮೇಡಂ ಕಾಗದವನ್ನು ಮೇಜಿನ ಮೇಲೆ ಕುಕ್ಕಿದರು. "ಮುಗೀತು. ಅಂದ್ರೆ ತೆಗೆದೇ ಇಡಿ ಅಂತ."

ಸಾಹೇಬರು ಕಾಗದವನ್ನು ಕೈಗೆತ್ತಿಕೊಂಡು, ಬಹಳ ವರ್ಷದ ಪರಿಚಯದವರನ್ನು ನೋಡುವಂತೆ ಆ ಪದವನ್ನು ನೋಡಿದರು. "ಇದರ ಒಂದು ನಕಲು ಕೊಡ್ತೀರಾ ಮೇಡಂ?" ಎಂದರು.

ಶುಕ್ರವಾರ ಹನ್ನೊಂದಕ್ಕೆ ಸನ್ಮಾನ. ಹತ್ತು ಗಂಟೆಗೆ ಮೋಡ ಒಡೆದು ಮಳೆ ಶುರುವಾಯಿತು. ಸಭಾಂಗಣದಲ್ಲಿ ಕುರ್ಚಿ ತುಂಬಿತ್ತು, ಸಾಹೇಬರ ಹೆಸರು ಕೆತ್ತಿದ ಗೋಡೆ ಗಡಿಯಾರ ಬಣ್ಣದ ಕಾಗದದಲ್ಲಿ ಕಾದಿತ್ತು, ಸಾಹೇಬರು ಮಾತ್ರ ಇರಲಿಲ್ಲ. ಹೊಸ ಅಂಗಿ ತೊಟ್ಟು, ಅದರ ಮೇಲೆ ಹಳೆಯ ಮಳೆ ಕೋಟು ಹಾಕಿ, ಹೆಂಡತಿಯ ಜೊತೆ ಅವರು ಗೇಟಿನ ಬಳಿ ನಿಂತಿದ್ದರು.

"ಸಾಹೇಬ್ರೇ, ಯಂತ್ರ ಏನೂ ಹೇಳಿಲ್ಲ" ಎಂದ ಗೇಟಿನವನು ಶೆಡ್ಡಿನೊಳಗಿನಿಂದಲೇ. "ಕಾಗದ ಇಲ್ದೆ ನಾನು ಚಕ್ರ ಮುಟ್ಟಲ್ಲ."

"ಕಾಗದ ತಂದಿದ್ದೀನಿ."

ಅವನು ಕನ್ನಡಕ ಹಾಕಿಕೊಂಡು ಹಸಿರು ಸಾಲನ್ನು ಎರಡು ಸಲ ಓದಿದ. "ಯಥಾಪ್ರಕಾರ ಅಂದ್ರೆ ಯಾವ ಪ್ರಕಾರ?"

"ನೀನು ಈ ಕೆಲಸಕ್ಕೆ ಸೇರಿದಾಗಿನಿಂದ ಮಳೆ ಬಂದ್ರೆ ಏನು ಮಾಡ್ತಿದ್ದೆ?"

"ಗೇಟು ಹಾಕ್ತಿದ್ದೆ."

"ಮತ್ತೆ? ಅದೇ ಪ್ರಕಾರ."

ಗೇಟಿನವನು ಅವರ ಮುಖ ನೋಡಿದ, ಕಾಗದದ ರುಜು ನೋಡಿದ, ಕದಡಿದ ನೀರು ನೋಡಿದ. ಎರಡು ತಿಂಗಳಿಂದ ಆ ನೀರು ಒಳಗೆ ಹೋಗುವುದನ್ನು ಕೈಕಟ್ಟಿ ನೋಡುತ್ತ ಒಳಗೊಳಗೇ ಕೊರಗಿದ್ದ ಮನುಷ್ಯ ಅವನು. "ನಿರ್ದೇಶಕರು ಎಷ್ಟು ಸ್ಪಷ್ಟವಾಗಿ ಬರೆದಿದ್ದಾರೆ!" ಎಂದು ಎದ್ದು ಚಕ್ರಕ್ಕೆ ಕೈ ಹಾಕಿದ. ತುಕ್ಕು ಕಿರುಗುಟ್ಟಿತು. ಸಾಹೇಬರೂ ಒಂದು ಕೈ ಸೇರಿಸಿದರು, ಹೆಂಡತಿ ಕೊಡೆ ಬದಿಗಿಟ್ಟು ಇನ್ನೊಂದು ಕೈ ಸೇರಿಸಿದಳು.

ಅತ್ತ ಸಭಾಂಗಣದಲ್ಲಿ ನಿರ್ದೇಶಕರು ಮಳೆಯ ಸದ್ದನ್ನು ಮೀರಿಸಿ ಭಾಷಣ ಮಾಡುತ್ತಿದ್ದರು. ಮಳೆಯೆನ್ನದೆ, ಗಾಳಿಯೆನ್ನದೆ ಹೊಳೆಗೆ ಇಳಿದ ಮಹನೀಯರು ಎಂದು ಅವರು ಹೊಗಳಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಮೇಡಂ ಕಣ್ಣು ಒರೆಸಿಕೊಂಡರಂತೆ. ಆ ಮಾತು ಅಂದಿನ ಮಟ್ಟಿಗಾದರೂ ನಿಜವಾಗಿತ್ತು. ಕೇಳಿಸಿಕೊಳ್ಳಬೇಕಾದವರು ಮಾತ್ರ ಅಲ್ಲಿರಲಿಲ್ಲ. ಗಡಿಯಾರವನ್ನು ಸಾಹೇಬರ ಪರವಾಗಿ ಮೇಡಂ ತೆಗೆದುಕೊಂಡರು.

ಇತ್ತ ಗೇಟಿನವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತನ್ನ ರಿಜಿಸ್ಟರು ತೆಗೆದ. ತಾರೀಕು ಹಾಕಿ, ಷರಾದ ಅಂಕಣಕ್ಕೆ ಬಂದು, ಹುಮ್ಮಸ್ಸಿನಿಂದ 'ಯಥಾ' ಎಂದು ಶುರು ಮಾಡಿದ. ಸಾಹೇಬರು ಅವನ ಮಣಿಕಟ್ಟು ಹಿಡಿದರು.

"ಆ ಮಾತು ಬೇಡಪ್ಪ. ಹೊಡೆದುಹಾಕು. ಏನು ಮಾಡಿದ್ಯೋ ಅದನ್ನ ಬರಿ."

ಗೇಟಿನವನು ಹೊಡೆದುಹಾಕಿ, ಮಕ್ಕಳ ಹಾಗೆ ದೊಡ್ಡ ಅಕ್ಷರದಲ್ಲಿ ಬರೆದ: 'ಮಳೆ ಬಂತು. ನೀರು ಕೆಟ್ಟಿತ್ತು. ಗೇಟು ಹಾಕಿದೆವು, ಮೂರು ಜನ.' ಸಾಹೇಬರು ಅದನ್ನು ಓದಿ, ಗಂಟೆ ಎಷ್ಟು ಎಂದು ಕೇಳಿ, ಅದನ್ನೂ ಬರೆಸಿದರು. ಆಮೇಲೆ ಕೋಟಿನ ಜೇಬಿನಿಂದ ಖಾಲಿ ಬಾಟಲಿ ತೆಗೆದರು. ಹೆಂಡತಿ ಅವರ ಹೊಸ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು, ಇಬ್ಬರೂ ಬಂಡೆಯ ಕಡೆ ಹೊರಟರು.